ಹತ್ತು ಎಲೆಗೆ ಮೂರು ತೂತು

ನನ್ನ ಮೊದಲ ಕೆಲಸ ಸೊಪ್ಪು ನೋಡುವುದಾಗಿತ್ತು. ನೇಮಕದ ಪತ್ರದಲ್ಲಿ ‘ಗುಣಮಟ್ಟ ಅಧಿಕಾರಿ’ ಎಂದು ಟೈಪಾಗಿತ್ತು. ಅಡುಗೆಮನೆಯಲ್ಲಿ ಎಲ್ಲರೂ ‘ಸೊಪ್ಪಿನ ಮೇಡಂ’ ಎನ್ನುತ್ತಿದ್ದರು. ಎರಡನೆಯದೇ ಹೆಚ್ಚು ಸರಿ. ಆಮೇಲಿನ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಬೇರೆ ಬೇರೆ ಕಡೆ ನನ್ನ ಮೇಜು ದೊಡ್ಡದಾಗುತ್ತ ಹೋಯಿತು, ಕುರ್ಚಿಗೆ ಕೈ ಬಂತು, ಬಾಗಿಲಿಗೆ ಹೆಸರು ಬಂತು. ಅದರಲ್ಲಿ ಹೇಳುವಂಥದ್ದೇನಿಲ್ಲ. ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ನನ್ನನ್ನು ಕೇಳುವುದು ಮಾನದಂಡಗಳ ಬಗ್ಗೆ, ಪ್ರಮಾಣಪತ್ರಗಳ ಬಗ್ಗೆ. ಅವು ಪುಸ್ತಕದಲ್ಲಿ ಸಿಗುತ್ತವೆ. ಪುಸ್ತಕದಲ್ಲಿ ಸಿಗದ ಒಂದು ದಂಟಿನ ಕಟ್ಟಿನ ವಿಷಯವನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಎಂಬತ್ತರ ದಶಕದ ನಡುವಿನ ವರ್ಷಗಳು. ಹೋಟೆಲು ರಾಜಾಜಿನಗರದಲ್ಲಿತ್ತು. ಹೆಸರು ಬೇಡ. ಮಾಲೀಕರನ್ನು ರಂಗಸ್ವಾಮಿ ಸಾರ್ ಎಂದು ಕರೆಯೋಣ. ಕೈಗಾರಿಕಾ ಬಡಾವಣೆಯಲ್ಲಿ ಲೇತಿನ ಬಿಡಿಭಾಗ ಮಾಡುವ ಕಾರ್ಖಾನೆ ಇಟ್ಟುಕೊಂಡಿದ್ದವರು. ಒಮ್ಮೆ ದೆಹಲಿಯ ದೊಡ್ಡ ಹೋಟೆಲೊಂದರಲ್ಲಿ ‘ನಿಮ್ಮೂರಿನ ತರಕಾರಿ ಏನಿದೆ’ ಎಂದು ಕೇಳಿದ್ದಕ್ಕೆ ಡಬ್ಬಿಯ ಬಟಾಣಿ ತಂದಿಟ್ಟರಂತೆ. ಸಿಟ್ಟು ಮಾಡಿಕೊಂಡು ಊರಿಗೆ ಬಂದವರು ಆ ಸಿಟ್ಟಿನಲ್ಲೇ ಹೋಟೆಲು ತೆರೆದರು. ಬಿಳಿ ಮೇಜುಬಟ್ಟೆ, ಇಸ್ತ್ರಿ ಮಾಡಿದ ಕರವಸ್ತ್ರ, ತಂಪು ಗಾಳಿಯ ಯಂತ್ರ, ಅದರ ಕೆಳಗೆ ಮುದ್ದೆ, ಬಸ್ಸಾರು, ಹುರುಳಿಕಾಳಿನ ಚಟ್ನಿ. ನಿಯಮ ಎರಡೇ. ತರಕಾರಿ ಒಂದೇ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ ಬೆಳೆದದ್ದಾಗಿರಬೇಕು. ಸರ್ಕಾರಿ ಗೊಬ್ಬರ ಎನ್ನುತ್ತಿದ್ದ ರಾಸಾಯನಿಕವನ್ನಾಗಲಿ ಔಷಧಿಯನ್ನಾಗಲಿ ಕಂಡಿರಬಾರದು. ಸಾವಯವ ಎಂಬ ಪದ ಆಗ ಯಾರ ಬಾಯಲ್ಲೂ ಇರಲಿಲ್ಲ. ‘ಕೊಟ್ಟಿಗೆ ಗೊಬ್ಬರದ್ದು’ ಎನ್ನುತ್ತಿದ್ದೆವು.

ನಾನು ಕೃಷಿ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಆರು ತಿಂಗಳಾಗಿತ್ತು. ಮನೆ ಬಸವೇಶ್ವರನಗರ. ಮಗಳು ಹೋಟೆಲಿಗೆ ಕೆಲಸಕ್ಕೆ ಹೋಗುತ್ತಾಳೆ ಎಂದು ಹೇಳಲು ಅಮ್ಮನಿಗೆ ನಾಲಿಗೆ ಏಳಲಿಲ್ಲ. ಪಕ್ಕದ ಮನೆಯವರಿಗೆ ‘ಲ್ಯಾಬು’ ಎಂದಿದ್ದರು. ನನ್ನ ಕೈಚೀಲದಿಂದ ಪ್ರತಿ ಸಂಜೆ ಒಗ್ಗರಣೆಯ ವಾಸನೆ ಬರುತ್ತಿತ್ತು. ಪಕ್ಕದ ಮನೆಯವರು ಒಳ್ಳೆಯವರು, ಎಂಥ ಲ್ಯಾಬು ಎಂದು ಒಮ್ಮೆಯೂ ಕೇಳಲಿಲ್ಲ.

ಹೋಟೆಲಿಗೆ ಅದರದೇ ಎರಡು ಪದ್ಧತಿಗಳಿದ್ದವು. ಒಂದು, ಪ್ರತಿ ಮೇಜಿನ ಮೇಲೆ ಹೂದಾನಿಯ ಬದಲು ಹಿತ್ತಾಳೆ ಚೊಂಬು. ಅದರಲ್ಲಿ ಆ ದಿನದ ಸಾರಿಗೆ ಬೀಳುವ ಸೊಪ್ಪಿನ ನಾಲ್ಕು ಕಡ್ಡಿ, ಹಸಿಯಾಗಿ. ತಿನ್ನುವ ಮೊದಲು ಅತಿಥಿಗಳು ಅದನ್ನು ಮುಟ್ಟಿ ನೋಡಬಹುದು. ಇನ್ನೊಂದು, ಚೊಂಬಿಗೆ ಒರಗಿಸಿದ ಒಂದು ಚೀಟಿ. ಯಾವ ತರಕಾರಿ, ಯಾವ ಊರು, ಬೆಳೆದವರು ಯಾರು ಎಂದು ಬೆಳಿಗ್ಗೆ ನಾನೇ ಟೈಪು ಮಾಡಿ ಪ್ರತಿ ತೆಗೆಯುತ್ತಿದ್ದೆ. ಬದನೆಕಾಯಿ, ಮಾರೇನಹಳ್ಳಿ. ಅವರೆಕಾಯಿ, ಕೆಂಗೇರಿ. ದಂಟು, ಅತ್ತಿಗುಪ್ಪೆ, ಗೌರಮ್ಮ. ಕೆಳಗೆ ‘ಕಂಡು ಒಪ್ಪಿದವರು’ ಎಂದು ನನ್ನ ರುಜು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ದಿನಕ್ಕೆ ಹದಿನಾಲ್ಕು ರುಜು ಹಾಕುವವರಿಗೆ ತಮ್ಮ ಬಗ್ಗೆ ಒಂದು ಅಭಿಪ್ರಾಯ ಬೆಳೆಯದೆ ಇರುವುದಿಲ್ಲ.

ಅಡುಗೆಯ ಹೊಣೆ ನಂಜಪ್ಪನವರದು. ಮದುವೆಮನೆಗಳಲ್ಲಿ ಸಾವಿರ ಎಲೆಗೆ ಬಡಿಸಿ ಬಂದ ಕೈ. ನಮ್ಮ ಹೋಟೆಲಿನ ಮುದ್ದೆ ನಿಂಬೆಹಣ್ಣಿನ ಗಾತ್ರದಲ್ಲಿರಬೇಕೆಂದು ಮಾಲೀಕರು ಹೇಳಿದ ದಿನ ಅವರು ನನ್ನ ಬಳಿ ಬಂದು, “ಮೇಡಂನೋರೇ, ಇದು ಊಟಕ್ಕಾ, ದೃಷ್ಟಿ ತೆಗೆಯಕ್ಕಾ?” ಎಂದು ಕೇಳಿದ್ದರು. ಅತಿಥಿಗಳು ಅದನ್ನೂ ಚಾಕುವಿನಿಂದ ಕೊಯ್ದು ಮುಳ್ಳುಚಮಚದಲ್ಲಿ ಚುಚ್ಚಿ ಅಗಿಯುತ್ತಿದ್ದರು. ರಂಗಸ್ವಾಮಿ ಸಾರ್ ಮೇಜಿನಿಂದ ಮೇಜಿಗೆ ಹೋಗಿ, ಕೋಟಿನ ತೋಳು ಮೇಲೆ ಸರಿಸಿ, ಮುರಿದು ಅದ್ದಿ ನುಂಗಿ ತೋರಿಸುತ್ತಿದ್ದರು. ಒಂದು ಭಾನುವಾರ ಹಾಗೆ ಹನ್ನೊಂದು ಮೇಜಿಗೆ ತೋರಿಸಿ ಮಧ್ಯಾಹ್ನವಿಡೀ ಕಚೇರಿಯಲ್ಲಿ ಬೆಲ್ಟು ಸಡಿಲಿಸಿ ಕುಳಿತಿದ್ದರು.

ವಿಜಯನಗರದಿಂದ ಬಂದಿದ್ದ ಒಂದು ಕುಟುಂಬದ ಹಿರಿಯರು ಉಂಡಾದ ಮೇಲೆ ನನ್ನನ್ನು ಕರೆದು, “ನಮ್ಮನೇಲೂ ಹಿಂಗೇ ಮಾಡ್ತಾರಮ್ಮ” ಎಂದರು. ಅದು ಹೊಗಳಿಕೆಯೋ ದೂರೋ ನನಗೆ ತಿಳಿಯಲಿಲ್ಲ. ದಿನಚರಿಯಲ್ಲಿ ಎರಡೂ ಅಂಕಣದಲ್ಲಿ ಒಂದೊಂದು ಗುರುತು ಹಾಕಿದೆ.

ಎಲ್ಲ ಶುರುವಾದದ್ದು ಒಂದು ಹುಳುವಿನಿಂದ. ರೇಷ್ಮೆ ಸೀರೆಯ ಮಹಿಳೆಯೊಬ್ಬರ ಮಸ್ಸೊಪ್ಪಿನ ಬಟ್ಟಲಿನ ಅಂಚಿನಲ್ಲಿ ಒಂದು ಹಸಿರು ಹುಳು, ಪೂರ್ತಿ ಬೆಂದದ್ದು, ಮಲಗಿತ್ತು. ಮಾಣಿ ನನ್ನನ್ನು ಕರೆದ. ಮಾಲೀಕರು ಗೋಡೆಯ ಬಳಿ ಕಲ್ಲಾಗಿ ನಿಂತಿದ್ದರು. ಹೆಚ್ಚು ಮಾತಾಡುವ ಅಭ್ಯಾಸ ನನಗಿಲ್ಲ. ಇದ್ದದ್ದನ್ನು ಹೇಳಿದೆ. “ಔಷಧಿ ಹೊಡೆದ ಸೊಪ್ಪಿನಲ್ಲಿ ಇದು ಬದುಕ್ತಿರಲಿಲ್ಲ, ಮೇಡಂ.”

ಆ ಮಹಿಳೆ ಹುಳುವನ್ನು ಒಂದು ಕ್ಷಣ ನೋಡಿದರು. ಆಮೇಲೆ ಬಟ್ಟಲನ್ನು ಪಕ್ಕದ ಮೇಜಿನವರಿಗೆ ತೋರಿಸಿದರು. “ನೋಡಿ, ನಮ್ಮದರಲ್ಲಿ ಇದೆ.” ಪಕ್ಕದ ಮೇಜಿನ ಯಜಮಾನರು ತಮ್ಮ ಬಟ್ಟಲನ್ನು ಚಮಚದಿಂದ ಕೆದಕಿ ನನ್ನ ಕಡೆ ತಿರುಗಿದರು. “ನಮಗ್ಯಾಕಮ್ಮ ಬರಲಿಲ್ಲ?”

ಮರುವಾರ ಮೇಜುಗಳು ಮೊದಲೇ ತುಂಬಿದವು. ಬಂದವರು ಮೆನು ತೆರೆಯುವ ಮೊದಲು ಚೊಂಬಿನ ಎಲೆಯನ್ನು ಬೆಳಕಿಗೆ ಹಿಡಿಯುತ್ತಿದ್ದರು. ತೂತು ಕಂಡರೆ ತಲೆಯಾಡಿಸುತ್ತಿದ್ದರು, ಕಾಣದಿದ್ದರೆ ಪರಸ್ಪರ ಮುಖ ನೋಡಿಕೊಳ್ಳುತ್ತಿದ್ದರು. ರಂಗಸ್ವಾಮಿ ಸಾರ್ ನನ್ನನ್ನು ಕರೆದು, “ನೋಡಮ್ಮಾ, ಜನಕ್ಕೆ ಪ್ರೂಫ್ ಬೇಕು. ತೂತು ಒಂದು ಲೆಕ್ಕಕ್ಕೆ ಬರಬೇಕು. ಕಾರ್ಖಾನೇಲಿ ನಾವು ಅಳತೆ ಇಲ್ದೆ ಏನೂ ಒಪ್ಪಲ್ಲ” ಎಂದರು.

ನಾನು ಅಳತೆ ಕೊಟ್ಟೆ. ಹತ್ತು ಎಲೆಗಳನ್ನು ಆರಿಸದೆ ಎತ್ತಬೇಕು, ಅದರಲ್ಲಿ ಕನಿಷ್ಠ ಮೂರರಲ್ಲಿ ಹುಳು ತಿಂದ ತೂತು ಇರಬೇಕು. ಇಲ್ಲವಾದರೆ ಕಟ್ಟು ವಾಪಸ್. ಟೈಪು ಮಾಡಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ನಂಜಪ್ಪ ಅದನ್ನು ಎರಡು ಸಲ ಓದಿ, “ಮೂರೇ ಯಾಕೆ?” ಎಂದರು. ಸಂಖ್ಯಾಶಾಸ್ತ್ರದ ಪ್ರಕಾರ ಎಂದೆ. “ಹುಳಕ್ಕೆ ಗೊತ್ತಾ ಅದು?” ಎಂದು ಕೇಳಿ ಒಳಗೆ ಹೋದರು.

ಇಲ್ಲಿ ಗೌರಮ್ಮನವರ ಬಗ್ಗೆ ಹೇಳಬೇಕು. ವಯಸ್ಸು ಐವತ್ತರ ಮೇಲೆ. ಅತ್ತಿಗುಪ್ಪೆಯಲ್ಲಿ ಹಳೆಯ ಬಾವಿಯ ಪಕ್ಕ ಅವರದೊಂದು ತುಂಡು ನೆಲ. ಗಂಡ ತೀರಿಕೊಂಡ ಮೇಲೆ ಒಬ್ಬರೇ ದಂಟು, ಕೀರೆ, ಮೆಂತ್ಯ ಬೆಳೆಯುತ್ತಿದ್ದರು. ಸುತ್ತಲ ಹೊಲಗಳೆಲ್ಲ ಸೈಟುಗಳಾಗಿ, ಕಲ್ಲು ನೆಟ್ಟುಕೊಂಡು ಬಾವಿಯವರೆಗೆ ಬಂದಿದ್ದವು. ಅವರ ಮೈದುನ ಈ ತುಂಡಿಗೂ ಕಲ್ಲು ನೆಡಬೇಕೆಂದು ಹಟ ಹಿಡಿದಿದ್ದ. ಅವನನ್ನು ತಡೆದು ನಿಲ್ಲಿಸಿದ್ದು ನಮ್ಮ ಚೀಟಿ. ವಾರಕ್ಕೊಮ್ಮೆ ಗೌರಮ್ಮ ನನ್ನಿಂದ ಒಂದು ಪ್ರತಿ ಕೇಳಿ ತೆಗೆದುಕೊಂಡು ಎಲೆಅಡಿಕೆ ಚೀಲದಲ್ಲಿ ಮಡಿಸಿಡುತ್ತಿದ್ದರು. ಅವರಿಗೆ ಓದು ಬರದು. ಮೈದುನನಿಗೆ ಬರುತ್ತಿತ್ತು.

“ಅವನ ಕೈಲೇ ಓದುಸ್ತೀನಿ ಕಣವ್ವ,” ಎಂದಿದ್ದರು ಒಮ್ಮೆ. “ಕಾರಲ್ಲಿ ಬರೋರು ನನ್ನ ಹೆಸರು ನೋಡ್ಕಂಡು ಉಣ್ತಾರೆ ಅಂದ್ರೆ ಅವನಿಗೆ ಬಾಯಿ ಕಟ್ಟೋಯ್ತದೆ. ಹೆಸರು ಇರೋಗಂಟ ಕಲ್ಲು ನೆಡಾಕಿಲ್ಲ ಅಂತ ಊರೋರ ಮುಂದೆ ಒಪ್ಕಂಡವನೆ.”

ನನ್ನ ನಿಯಮ ಬಂದ ವಾರ ಅವರ ಬುಟ್ಟಿಯ ಎಲೆಗಳು ಒಂದು ಕಲೆಯೂ ಇಲ್ಲದೆ ಹೊಳೆಯುತ್ತಿದ್ದವು. ಹತ್ತರಲ್ಲಿ ಒಂದಕ್ಕೂ ತೂತಿಲ್ಲ. ವಾಪಸ್ ಕಳಿಸಿದೆ.

“ಯಾಕವ್ವ, ಬಾಡೈತಾ?”

“ಇಲ್ಲ. ತುಂಬ ಚೆನ್ನಾಗಿದೆ.”

ಅವರು ಬುಟ್ಟಿ ಎತ್ತಿಕೊಂಡು, ಎಲೆಗಳನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಹೋದರು. ಮುಂದಿನ ಸಲ ಬಂದ ಕಟ್ಟಿನಲ್ಲಿ ಹತ್ತಕ್ಕೆ ನಾಲ್ಕು ತೂತಿದ್ದವು. ನನಗೆ ಸಮಾಧಾನವಾಯಿತು. ಔಷಧಿ ನಿಲ್ಲಿಸಿದ್ದಾರೆ ಎಂದು ದಿನಚರಿಯಲ್ಲಿ ಬರೆದುಕೊಂಡೆ. ತಪ್ಪು ಹೀಗೆ ಅಚ್ಚುಕಟ್ಟಾದ ಅಕ್ಷರದಲ್ಲಿ ಕುಳಿತರೆ ಅದನ್ನು ಎಬ್ಬಿಸುವುದು ಬಹಳ ಕಷ್ಟ.

ಎರಡು ತಿಂಗಳು ಹಾಗೇ ಸಾಗಿತು. ಆಗ ರಂಗಸ್ವಾಮಿ ಸಾರ್ ಒಂದು ಭಾನುವಾರದ ಮಧ್ಯಾಹ್ನದ ಊಟಕ್ಕೆ ನಮ್ಮ ವಿಶ್ವವಿದ್ಯಾಲಯದ ಕೀಟಶಾಸ್ತ್ರದ ಪ್ರಾಧ್ಯಾಪಕರನ್ನು ಕರೆದರು. ನನಗೆ ಪಾಠ ಹೇಳಿದ್ದ ಮೇಷ್ಟ್ರೇ. ಅತಿಥಿಗಳ ಪುಸ್ತಕದಲ್ಲಿ ಅವರು ಎರಡು ಸಾಲು ಬರೆದರೆ ಹೋಟೆಲಿನ ಮಾತಿಗೆ ತೂಕ ಬರುತ್ತದೆ ಎಂಬುದು ಮಾಲೀಕರ ಲೆಕ್ಕ. ಮೇಷ್ಟ್ರು ಬರುತ್ತಾರೆಂದು ಶನಿವಾರ ಬೆಳಿಗ್ಗೆ ನಾನು ಕಾಲೇಜಿನ ಭೂತಗನ್ನಡಿ ಹೊರತೆಗೆದೆ. ಅಷ್ಟು ದಿನ ತೆಗೆದಿರಲಿಲ್ಲ.

ಗೌರಮ್ಮನ ದಂಟಿನ ಎಲೆ ಎತ್ತಿ ಹಿಡಿದೆ. ತೂತು ದುಂಡಗಿತ್ತು. ಇನ್ನೊಂದು ಎಲೆ, ಅದೇ ದುಂಡು. ಮೂರನೆಯದಕ್ಕೆ ಸ್ಕೇಲು ಇಟ್ಟು ನೋಡಿದೆ. ಎಲ್ಲವೂ ನಾಲ್ಕು ಮಿಲಿಮೀಟರು. ಹುಳು ತಿಂದ ತೂತಿಗೆ ಅಂಚು ಕಂದಿರುತ್ತದೆ, ಆಕಾರ ನೆಟ್ಟಗಿರುವುದಿಲ್ಲ, ಪಕ್ಕದಲ್ಲಿ ಹಿಕ್ಕೆ ಇರುತ್ತದೆ. ಇವು ಆ ಬೆಳಿಗ್ಗೆ ಕೈಯಿಂದ ಹಾಕಿದ ತೂತುಗಳು.

ಔಷಧಿ ಹೊಡೆದ ಸೊಪ್ಪನ್ನು ಮಾರುಕಟ್ಟೆಯಿಂದ ತಂದು ತೂತು ಹಾಕಿ ನನಗೆ ಕೊಡುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಭಾನುವಾರದ ಚೀಟಿಯ ಕರಡಿನಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆದು, ಕರಡನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ನಂಜಪ್ಪ ಬಾಗಿಲಲ್ಲಿ ನಿಂತು, “ಹೋಗ್ಬನ್ನಿ, ಹೋಗ್ಬನ್ನಿ” ಎಂದರು. ಅವರಿಗೆ ಮೊದಲೇ ಗೊತ್ತಿತ್ತೆಂದು ಆ ದನಿಯಿಂದ ನನಗೆ ಆಗಲೇ ತಿಳಿಯಬೇಕಿತ್ತು.

ಗೌರಮ್ಮ ಬಾವಿಕಟ್ಟೆಯ ಮೇಲೆ ಕುಳಿತಿದ್ದರು. ಮಡಿಲಲ್ಲಿ ದಂಟಿನ ರಾಶಿ, ಕೈಯಲ್ಲಿ ಮುರಿದ ಕೊಡೆಯ ಒಂದು ಕಡ್ಡಿ. ಅದರ ತುದಿಯ ತಗಡಿನ ಕೊಳವೆಯನ್ನು ಎಲೆಗೆ ಒತ್ತಿ ಸಣ್ಣಗೆ ತಿರುಗಿಸಿದರೆ ತೂತು. ನನ್ನನ್ನು ಕಂಡು ಅಡಗಿಸಲಿಲ್ಲ.

“ಬಾರವ್ವ, ನಾಳೀಕೆ ದೊಡ್ಡೋರು ಬತ್ತಾರೆ ಅಂದ್ರಲ್ಲ ನಂಜಪ್ಪ, ಅದುಕ್ಕೆ ಹತ್ತಕ್ಕೆ ಐದು ಮಾಡ್ತಾ ಇವ್ನಿ. ಸಾಕಾ?”

ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಬಿದ್ದುಹೋದವು. “ಯಾಕೆ ಹೀಗೆ ಮಾಡ್ತೀರಿ?” ಎಂದಷ್ಟೇ ಕೇಳಿದೆ.

“ನೀವೇ ಅಲ್ವಾ ಕೇಳಿದ್ದು?”

“ಹುಳು ತಿಂದ ತೂತು ಕೇಳಿದ್ದು.”

“ಹುಳ ಎಲ್ಲಿಂದ ತರ್ಲಿ?” ಎಂದು ಅವರು ಎದ್ದು ನನ್ನನ್ನು ಮಡಿಗಳ ನಡುವೆ ಕರೆದುಕೊಂಡು ಹೋದರು. ಸುತ್ತ ಚೆಂಡುಹೂವಿನ ಸಾಲು. ಎಲೆಗಳ ಮೇಲೆ ತೆಳ್ಳಗೆ ಒಲೆಯ ಬೂದಿ. ಮೂಲೆಯಲ್ಲಿ ಗಂಜಲದ ಮಡಕೆ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಬೂದಿ ಎರಚುತ್ತಾರೆ, ಆಮೇಲೂ ಉಳಿದ ಹುಳುವನ್ನು ಕೈಯಿಂದ ಆರಿಸಿ ಕೋಳಿಗೆ ಹಾಕುತ್ತಾರೆ. ಮೂವತ್ತು ವರ್ಷದಿಂದ ಹೀಗೇ. ಔಷಧಿಯ ಡಬ್ಬಿ ಆ ನೆಲ ಕಂಡಿಲ್ಲ.

“ಹುಳ ಬಿಟ್ಟರೆ ನಂಗೇನು ಮಿಕ್ತದೆ? ಅದು ಬೇಸಾಯಾನಾ?” ಎಂದರು. ಆಮೇಲೆ ದನಿ ತಗ್ಗಿಸಿ, ನನಗೆ ನೋವಾಗದ ಹಾಗೆ ಹೇಳಿದರು. “ತೂತು ಐತೆ ಅಂದ್ರೆ ಹುಳ ಬಂದಿತ್ತು ಅಂತ ಅಷ್ಟೇಯ ಕಣವ್ವ. ಬಂದ್ಮೇಲೆ ಔಷ್ದಿ ಹೊಡೆದ್ರೋ ಇಲ್ವೋ, ಅದು ತೂತಲ್ಲಿ ಕಾಣ್ತದಾ?”

ಎಂ.ಎಸ್ಸಿ.ಯ ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಮೂರು ತೂತಿನ ನಿಯಮ ಬರೆಯುವಾಗ ನಾನೂ ಕೇಳಿಕೊಂಡಿರಲಿಲ್ಲ. ನಿಯಮದ ದಿನದಿಂದ ಒಂದು ಸಲವೂ ತಪ್ಪದೆ ಪಾಸಾಗುತ್ತಿದ್ದ ಇನ್ನೊಂದು ಕಡೆಯ ಕೀರೆಸೊಪ್ಪು ಆಗ ನೆನಪಾಯಿತು.

“ಆವತ್ತೇ ಯಾಕೆ ಹೇಳಲಿಲ್ಲ?”

“ಓದಿರೋರು ಕೇಳ್ತಾವ್ರೆ ಅಂದ್ಮೇಲೆ ಏನೋ ಇರ್ಬೇಕು ಅನ್ಕಂಡೆ. ನಮ್ಮ ಎಮ್ಮೆ ತೂತಿನ ಎಲೆ ಮುಟ್ಟಾಕಿಲ್ಲ. ನಿಮ್ಮ ಜನ ಅದ್ನೇ ಕೇಳ್ತಾರೆ. ಒಬ್ಬೊಬ್ಬರ ರುಚಿ.” ಆಮೇಲೆ ಕೈ ಒರೆಸಿಕೊಂಡು, “ಈ ವಾರದ ಚೀಟಿ ತಂದ್ರಾ? ಅವನು ಕೇಳ್ತಾವ್ನೆ. ಹೆಸರು ತೆಗೆದುಬುಟ್ರು ಅಂತ ಯಾರೋ ಅಂದವ್ರಂತೆ, ಆವತ್ತು ಬುಟ್ಟಿ ವಾಪಸ್ ಬಂದಿದ್ದ ನೋಡಿ” ಎಂದರು.

ಬಾವಿಯ ಆಚೆ ಅವರ ಮೈದುನ ಕಾಣುತ್ತಿದ್ದ. ಅವನ ಕಾಲ ಬಳಿ ಹೊಸದಾಗಿ ತಂದಿಳಿಸಿದ ನಾಲ್ಕು ಸೈಟು ಕಲ್ಲು. ಹೆಸರಿಗೆ ಗೆರೆ ಎಳೆದಿದ್ದ ಕರಡು ನನ್ನ ಕೈಚೀಲದಲ್ಲಿತ್ತು. “ನಾಳೆಯದು ತರ್ತೀನಿ” ಎಂದು ಹೇಳಿ ಬಂದೆ.

ಭಾನುವಾರ ಬೆಳಿಗ್ಗೆ ರಂಗಸ್ವಾಮಿ ಸಾರ್‌ಗೆ ಎಲ್ಲ ಹೇಳಿದೆ. ಅವರು ಕೂಗಾಡುವವರಲ್ಲ. ಕನ್ನಡಕ ತೆಗೆದು ಒರೆಸಿದರು.

“ಇವತ್ತು ಆ ಯಮ್ಮನ ಹೆಸರು ಬೇಡ. ಬರೀ ಅತ್ತಿಗುಪ್ಪೆ ಅಂತ ಹಾಕಿ. ತೂತಿನ ಎಲೆ ಚೊಂಬಿಂದ ತೆಗೀರಿ. ಊಟ ಆಗ್ಲಿ, ಸತ್ಯ ಆಮೇಲೆ ನೋಡ್ಕೊಳೋಣ.”

“ಯಾವ ಕಡ್ಡಿ ಎತ್ತಿದ್ರೂ ತೂತಿನ ಎಲೆ ಇದೆ, ಸಾರ್. ಹತ್ತಕ್ಕೆ ಐದು ಹಾಕಿದ್ದಾರೆ.”

“ಹಾಗಾದ್ರೆ ಚೊಂಬೇ ತೆಗೀರಿ.”

ನಂಜಪ್ಪ ಸೌಟು ಹಿಡಿದು ಕೇಳಿಸಿಕೊಳ್ಳುತ್ತಿದ್ದರು. “ಚೊಂಬಿಲ್ದೆ ಇದ್ರೆ ಜನ ಕಲ್ಲು ಹೊಡೀತಾರೆ ಸಾರ್. ಅವರು ಬರೋದು ನನ್ನ ಸಾರಿಗಲ್ಲ, ತೂತಿಗೆ” ಎಂದರು. ಅಷ್ಟು ದಿನದ ಅವಮಾನವೆಲ್ಲ ಆ ಮಾತಿನಲ್ಲಿತ್ತು.

ನಾನು ನನ್ನ ಮೇಜಿಗೆ ಹೋಗಿ ಟೈಪು ಯಂತ್ರದ ಮುಂದೆ ಕುಳಿತೆ. ಮಾಲೀಕರ ಮಾತು ಮೀರಿದ್ದು ಅದೊಂದೇ ಸಲ. ಬಾಗಿಲಿಗೆ ಅಂಟಿಸಿದ್ದ ನನ್ನ ನಿಯಮವನ್ನು ಮೊದಲು ಕಿತ್ತುಹಾಕಿದೆ. ಆಮೇಲೆ ಹದಿನಾಲ್ಕು ಪ್ರತಿ ತೆಗೆದು, ಹದಿನಾಲ್ಕಕ್ಕೂ ರುಜು ಹಾಕಿ, ಚೊಂಬುಗಳಿಗೆ ಒರಗಿಸಿದೆ.

ಮೇಷ್ಟ್ರು ಹನ್ನೆರಡೂವರೆಗೆ ಬಂದರು. ಕುಳಿತವರೇ ಅಭ್ಯಾಸಬಲದಿಂದ ಚೊಂಬಿನ ಎಲೆ ಎತ್ತಿದರು. ಜೇಬಿನಿಂದ ತಮ್ಮ ಭೂತಗನ್ನಡಿ ತೆಗೆದರು. ರಂಗಸ್ವಾಮಿ ಸಾರ್ ಅವರ ಹಿಂದೆ ನಿಂತು, ಮುದ್ದೆ ನುಂಗಿ ತೋರಿಸುವಾಗಿನ ನಗೆಯನ್ನೇ ಮುಖಕ್ಕೆ ತಂದುಕೊಂಡಿದ್ದರು.

“ಇದು ಯಾವ ಕೀಟ?” ಎಂದು ಮೇಷ್ಟ್ರು ನನ್ನನ್ನು ಕೇಳಿದರು, ಮೌಖಿಕ ಪರೀಕ್ಷೆಯಲ್ಲಿ ಕೇಳುತ್ತಿದ್ದ ಅದೇ ದನಿಯಲ್ಲಿ.

“ಚೀಟಿಯಲ್ಲಿದೆ, ಸಾರ್.”

ಅವರು ಚೀಟಿ ತೆಗೆದುಕೊಂಡರು. ಮಾಲೀಕರೂ ಅವರ ಭುಜದ ಮೇಲಿಂದ ಬಗ್ಗಿ ಓದಿದರು.

‘ದಂಟಿನ ಸೊಪ್ಪು: ಅತ್ತಿಗುಪ್ಪೆ. ಬೆಳೆದವರು ಗೌರಮ್ಮ. ಹುಳುವಿಲ್ಲ. ಬೂದಿ, ಗಂಜಲ, ಚೆಂಡುಹೂವು ಮತ್ತು ಕೈ ಬಳಸಿದ್ದಾರೆ. ಎಲೆಯ ಮೇಲಿನ ತೂತುಗಳು: ನನ್ನವು. ನನ್ನ ತಪ್ಪು ನಿಯಮಕ್ಕಾಗಿ ಅವರು ಕೊಡೆಯ ಕಡ್ಡಿಯಿಂದ ಹಾಕಿಕೊಟ್ಟದ್ದು. ಕಂಡು ಒಪ್ಪಿದವರು,’ ಕೆಳಗೆ ರುಜು.

ಮೇಷ್ಟ್ರು ಚೀಟಿಯನ್ನು ಮತ್ತೆ ಚೊಂಬಿಗೆ ಒರಗಿಸಿದರು. ಬಸ್ಸಾರು ಎರಡು ಸಲ ಹಾಕಿಸಿಕೊಂಡರು. ಮುದ್ದೆಯನ್ನು ಯಾರೂ ತೋರಿಸಿಕೊಡದೆ ನುಂಗಿದರು. ಅಷ್ಟರಲ್ಲಿ ಬೇರೆ ಮೇಜಿನವರೂ ಚೀಟಿ ಓದಿ, ಎಲೆ ಎತ್ತಿ, ಒಬ್ಬರಿಗೊಬ್ಬರು ತೋರಿಸಿಕೊಳ್ಳತೊಡಗಿದ್ದರು. ಹುಳು ಸಿಕ್ಕಿದ್ದ ಆ ರೇಷ್ಮೆ ಸೀರೆಯ ಮಹಿಳೆ ಅಲ್ಲಿದ್ದರು. “ಹಾಗಾದ್ರೆ ನನಗೆ ಸಿಕ್ಕಿದ್ದು?” ಎಂದು ನನ್ನನ್ನು ಕೇಳಿದರು. ಆ ಹುಳು ನಿಜವಾದದ್ದೇ ಎಂದೆ. ಅವರಿಗೆ ಸಮಾಧಾನವಾಯಿತು.

ಮೇಷ್ಟ್ರು ಅತಿಥಿಗಳ ಪುಸ್ತಕದಲ್ಲಿ ಎರಡೇ ಸಾಲು ಬರೆದರು. ‘ಸಾರು ಉತ್ತಮ. ನನ್ನ ವಿದ್ಯಾರ್ಥಿನಿ ಕೀಟಶಾಸ್ತ್ರದಲ್ಲಿ ಫೇಲು, ಗೌರಮ್ಮನವರು ಪಾಸು.’

ಅವರು ಹೋದ ಮೇಲೆ ರಂಗಸ್ವಾಮಿ ಸಾರ್ ಪುಸ್ತಕ ಹಿಡಿದು ಆ ಎರಡು ಸಾಲನ್ನು ಮತ್ತೆ ಓದಿದರು. “ನೀವು ನನ್ನ ಹೋಟ್ಲು ಮುಚ್ಚಿಸ್ತೀರೋ ಬೆಳೆಸ್ತೀರೋ ಗೊತ್ತಾಗ್ತಾ ಇಲ್ಲ” ಎಂದರು. ಆಮೇಲೆ, “ಆ ಚೀಟಿ ಇನ್ನೊಂದು ಪ್ರತಿ ಇದ್ರೆ ಕೊಡಿ, ಫ್ರೇಮ್ ಹಾಕಿಸ್ತೀನಿ” ಎಂದರು. ಮರುದಿನದಿಂದ ನಾನು ಎಲೆ ನೋಡುವ ಮೊದಲು ನೆಲ ನೋಡಲು ಹೋಗತೊಡಗಿದೆ. ಕೀರೆಸೊಪ್ಪಿನವರ ಹಿತ್ತಲಲ್ಲಿ ಔಷಧಿ ಡಬ್ಬಿಗಳು ಸಾಲಾಗಿದ್ದವು. ಒಂದೊಂದರಲ್ಲೂ ತುಳಸಿ ನೆಟ್ಟಿದ್ದರು.

ಚೀಟಿಯ ಒಂದು ಪ್ರತಿಯನ್ನು ಆ ಭಾನುವಾರ ಸಂಜೆಯೇ ಅತ್ತಿಗುಪ್ಪೆಗೆ ಒಯ್ದಿದ್ದೆ. ಮೈದುನ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿದ. ಗೌರಮ್ಮನ ಹೆಸರು ಬಂದಾಗ ದನಿ ಇಳಿಯಿತು. ತೂತುಗಳ ಭಾಗಕ್ಕೆ ಬಂದಾಗ ತಲೆಯೆತ್ತಿ ನನ್ನನ್ನು ನೋಡಿದ.

“ಹೆಸರು ಐತಲ್ಲ?” ಎಂದರು ಗೌರಮ್ಮ.

“ಐತೆ ಅತ್ತಿಗೆ,” ಎಂದ ಅವನು. ಎದ್ದು ಹೋಗಿ, “ನೀರು ಹಾಯ್ಸೋಕೆ ಅಡ್ಡ ಆಯ್ತದೆ” ಎಂದು ಸೈಟು ಕಲ್ಲುಗಳನ್ನು ತಾನೇ ಒಂದೊಂದಾಗಿ ಆಚೆ ಉರುಳಿಸಿದ.

ನಾನು ಹೊರಟಾಗ ಗೌರಮ್ಮ ಕೊಡೆಯ ಕಡ್ಡಿಯನ್ನು ನನ್ನ ಕೈಗಿಟ್ಟರು. “ತೂತು ನಿಮ್ದು ಅಂತ ಬರೆದವ್ರಿ. ಇದೂ ನಿಮ್ದೇಯ, ತಗಂಡೋಗಿ.”

ಆಮೇಲೆ ನಾನು ಕೆಲಸ ಮಾಡಿದ ಪ್ರತಿ ಕಚೇರಿಯಲ್ಲೂ ಅದು ನನ್ನ ಮೇಜಿನ ಮೇಲಿನ ಖಾನೆಯಲ್ಲಿತ್ತು. ಹೊಸ ಮಾನದಂಡಕ್ಕೆ ರುಜು ಹಾಕುವ ಮೊದಲು ಖಾನೆ ಎಳೆದು ಅದನ್ನೊಮ್ಮೆ ನೋಡುತ್ತಿದ್ದೆ. ಲಕೋಟೆ ಒಡೆಯುವ ಕಡ್ಡಿ ಇರಬೇಕೆಂದು ಜೊತೆಯವರು ತಿಳಿದಿದ್ದರು. ನಾನು ತಿದ್ದಲಿಲ್ಲ.

ನಿವೃತ್ತಿಯ ದಿನ ನನ್ನ ಜಾಗಕ್ಕೆ ಬಂದ ಹುಡುಗಿ ಖಾನೆಗಳನ್ನು ಒಂದೊಂದಾಗಿ ತೆಗೆದು ಹಸ್ತಾಂತರದ ಪಟ್ಟಿ ಮಾಡುತ್ತಿದ್ದಳು. ಚುರುಕಾದವಳು, ಏನನ್ನೂ ಬಿಡುವವಳಲ್ಲ. ಕಡ್ಡಿ ಎತ್ತಿ ಹಿಡಿದು, “ಇದೇನು ಮೇಡಂ?” ಎಂದಳು.

“ಸೊಪ್ಪಿಗೆ ತೂತು ಹಾಕೋದು.”

ಅವಳು ನಗಲಿಲ್ಲ. ‘ಸೊಪ್ಪಿಗೆ ತೂತು ಹಾಕುವ ಸಾಧನ, ಒಂದು, ಸುಸ್ಥಿತಿಯಲ್ಲಿದೆ’ ಎಂದು ನೀಟಾಗಿ ಬರೆದು, ಪಟ್ಟಿಯನ್ನು ನನ್ನ ಕಡೆ ತಿರುಗಿಸಿದಳು. ನಾನು ಓದಿ ನೋಡಿ ರುಜು ಹಾಕಿದೆ.